ದಟ್ಟಣೆಯಲ್ಲಿ ಕೂಡಿಬಂದ ಜೋಡಿಗಳು: ಗೋಳಗುಚ್ಛಗಳ ಕ್ಷ-ಕಿರಣ ಯಮಳ ನಕ್ಷತ್ರಗಳ ಶೋಧದ ಚರಿತ್ರೆ

ಒಂದೇ ಆಶಯದ ಕಥೆ ಎರಡು ಸಮುದಾಯಗಳಲ್ಲಿ ದೊರೆತಾಗ ಅದು ಸಮಾನ ಮೂಲವೊಂದರಿಂದ ಇಳಿದು ಬಂದದ್ದೋ, ಜನಗಳ ಸಂಪರ್ಕದಿಂದ ಒಂದರಿಂದ ಇನ್ನೊಂದಕ್ಕೆ ಸೇರಿದ್ದೋ ಎಂಬ ಪ್ರಶ್ನೆ ಜಾನಪದ ಅಧ್ಯಯನದಷ್ಟೇ ಹಳೆಯದು. ಹುಟ್ಟಿನಿಂದ ಬಂದ ಸಂಬಂಧ ಯಾವುದು, ಭೇಟಿಯಿಂದ ಆದ ಸಂಬಂಧ ಯಾವುದು ಎಂದು ಬೇರ್ಪಡಿಸುವುದು ಸುಲಭವಲ್ಲ. ಅದಕ್ಕೆ ಬಿಡಿ ಕಥೆಯೊಂದರ ಪರಿಶೀಲನೆ ಸಾಲದು; ಎಲ್ಲೆಲ್ಲಿ ಎಷ್ಟೆಷ್ಟು ಪಾಠಗಳು ದೊರೆಯುತ್ತವೆ ಎಂಬ ಎಣಿಕೆ ಬೇಕಾಗುತ್ತದೆ. ಇಪ್ಪತ್ತನೆಯ ಶತಮಾನದ ಎಪ್ಪತ್ತರ ದಶಕದಲ್ಲಿ ಖಗೋಳ ವಿಜ್ಞಾನಿಗಳು ಇದೇ ಸ್ವರೂಪದ ಪ್ರಶ್ನೆಯೊಂದನ್ನು ನಕ್ಷತ್ರಗಳ ವಿಷಯದಲ್ಲಿ ಎದುರಿಸಿದರು. ಆಕಾಶಗಂಗೆಯ ಅತ್ಯಂತ ಹಳೆಯ ನಕ್ಷತ್ರವಸತಿಗಳಾದ ಗೋಳಾಕಾರದ ಗುಚ್ಛಗಳಲ್ಲಿ, ಇರಬಾರದಷ್ಟು ಸಂಖ್ಯೆಯಲ್ಲಿ, ಪ್ರಖರವಾದ ಕ್ಷ-ಕಿರಣ ಯಮಳ ನಕ್ಷತ್ರಗಳು ಕಂಡುಬಂದವು. ಈ ಜೋಡಿಗಳು ಜೋಡಿಯಾಗಿಯೇ ಹುಟ್ಟಿದವೋ ಅಥವಾ ದಟ್ಟಣೆಯ ನಡುವೆ ಸಂಧಿಸಿ ಜೋಡಿಯಾದವೋ?

ಈ ಪ್ರಶ್ನೆ ಹುಟ್ಟಿದ ಬಗೆ, ಅದಕ್ಕೆ ಬಂದ ಉತ್ತರಗಳು, ಅವುಗಳಲ್ಲಿ ಕೆಲವು ಬಿದ್ದುಹೋದ ಮತ್ತು ಕೆಲವು ಉಳಿದುಬಂದ ಕಾರಣಗಳು, ಈ ಚರ್ಚೆಯಲ್ಲಿ ಬೆಂಗಳೂರಿನಿಂದ ಮೂಡಿಬಂದ ಒಂದು ಪ್ರಸ್ತಾವದ ಸ್ಥಾನ ಇವುಗಳನ್ನು ಕಾಲಾನುಕ್ರಮದಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

1. ಹಳೆಯ ವಸತಿಗಳು

ನಮ್ಮ ಜನ ಬರಿಗಣ್ಣಿನಿಂದಲೇ ಗುರುತಿಸಿ ಹೆಸರಿಟ್ಟಿರುವ ಕೃತ್ತಿಕೆ ನಕ್ಷತ್ರಗುಚ್ಛವೇ ಆದರೂ ಗೋಳಗುಚ್ಛವಲ್ಲ. ಅದು ಸಡಿಲವಾದ, ಸುಮಾರು 10 ಕೋಟಿ ವರ್ಷಗಳ ಎಳೆಯ ಗುಚ್ಛ. ಗೋಳಗುಚ್ಛಗಳಾದರೋ ಬಹುಮಟ್ಟಿಗೆ 1,200 ಕೋಟಿ ವರ್ಷಗಳಷ್ಟು ಹಳೆಯವು. ಹತ್ತಾರು ಸಾವಿರದಿಂದ ಹಲವು ಲಕ್ಷ ನಕ್ಷತ್ರಗಳು ತಮ್ಮದೇ ಗುರುತ್ವದಿಂದ ಗೋಳದ ಆಕಾರದಲ್ಲಿ ಒತ್ತಾಗಿ ನೆಲೆಸಿರುವ ಇಂಥ ಗುಚ್ಛಗಳು ಆಕಾಶಗಂಗೆಯಲ್ಲಿ 150ಕ್ಕೂ ಹೆಚ್ಚು ಇವೆ. ಬೇಸಿಗೆಯ ರಾತ್ರಿಗಳಲ್ಲಿ ಕರ್ನಾಟಕದ ದಕ್ಷಿಣ ದಿಗಂತದ ಮೇಲೆ ಮಸುಕು ಚುಕ್ಕೆಯಾಗಿ ಕಾಣುವ ಒಮೆಗಾ ಸೆಂಟಾರಿ ಇವುಗಳಲ್ಲಿ ಅತಿ ದೊಡ್ಡದು. ಪ್ರಾಚೀನ ಕಾಲದ ಟಾಲೆಮಿ ಇದನ್ನು ಒಂಟಿ ನಕ್ಷತ್ರವೆಂದೇ ಪಟ್ಟಿ ಮಾಡಿದ್ದನು. 1677ರಲ್ಲಿ ಸೇಂಟ್ ಹೆಲೆನಾ ದ್ವೀಪದಿಂದ ವೀಕ್ಷಿಸಿದ ಎಡ್ಮಂಡ್ ಹ್ಯಾಲಿ ಅದು ನಕ್ಷತ್ರವಲ್ಲ, ಮಬ್ಬಾದ ಹರವು ಎಂದು ಗುರುತಿಸಿದನು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ವಿಲಿಯಂ ಹರ್ಷೆಲ್ ಇಂಥ ಮಬ್ಬುಗಳನ್ನು ದೊಡ್ಡ ದೂರದರ್ಶಕದಲ್ಲಿ ನಕ್ಷತ್ರಗಳಾಗಿ ಬಿಡಿಸಿ ನೋಡಿ, ಗೋಳಗುಚ್ಛವೆಂಬ ಹೆಸರನ್ನು ರೂಢಿಗೆ ತಂದನು. 1918ರ ಸುಮಾರಿಗೆ ಹಾರ್ಲೊ ಶಾಪ್ಲಿ ಈ ಗುಚ್ಛಗಳ ಹರಹನ್ನೇ ಆಧಾರವಾಗಿಟ್ಟುಕೊಂಡು, ಸೂರ್ಯನು ಆಕಾಶಗಂಗೆಯ ಕೇಂದ್ರದಲ್ಲಿಲ್ಲ ಎಂದು ತೋರಿಸಿದನು.

ಗೋಳಗುಚ್ಛದ ಎರಡು ಲಕ್ಷಣಗಳು ಮುಂದಿನ ಚರ್ಚೆಗೆ ಮುಖ್ಯವಾಗಿವೆ. ಮೊದಲನೆಯದು ವಯಸ್ಸು. ಭಾರವಾದ ನಕ್ಷತ್ರಗಳು ಬೇಗ ಉರಿದು ಮುಗಿಯುತ್ತವೆ. ಆದ್ದರಿಂದ ಈ ಗುಚ್ಛಗಳಲ್ಲಿ ಇಂದು ಬೆಳಗುತ್ತಿರುವುದು ಸೂರ್ಯನಿಗಿಂತ ತುಸು ಹಗುರಾದ ನಕ್ಷತ್ರಗಳು ಮಾತ್ರ. ಭಾರಿ ನಕ್ಷತ್ರಗಳು ನೂರಾರು ಕೋಟಿ ವರ್ಷಗಳ ಹಿಂದೆಯೇ ಗತಿಸಿ ಶ್ವೇತಕುಬ್ಜ, ನ್ಯೂಟ್ರಾನ್ ನಕ್ಷತ್ರ ಮತ್ತು ಕಪ್ಪುಕುಳಿಗಳೆಂಬ ಅವಶೇಷಗಳನ್ನು ಉಳಿಸಿವೆ. ಎರಡನೆಯದು ದಟ್ಟಣೆ. ಸೂರ್ಯನಿಗೆ ಅತಿ ಸಮೀಪದ ನಕ್ಷತ್ರ 4.2 ಜ್ಯೋತಿರ್ವರ್ಷ ದೂರದಲ್ಲಿದೆ. ದಟ್ಟವಾದ ಗೋಳಗುಚ್ಛದ ನಡುವೆ ನೆರೆಯ ನಕ್ಷತ್ರಗಳ ಅಂತರ ಒಂದು ಜ್ಯೋತಿರ್ವರ್ಷದ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ ಇರಬಲ್ಲದು.

ಇಂಥ ದಟ್ಟಣೆಯಲ್ಲಿ ನಕ್ಷತ್ರಗಳ ಚಲನೆ ಹೇಗಿರುತ್ತದೆ ಎಂಬುದಕ್ಕೆ ಗಣಿತದ ಭದ್ರ ನೆಲೆಯನ್ನು ಒದಗಿಸಿದವರಲ್ಲಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಪ್ರಮುಖರು. ನಕ್ಷತ್ರಗಳ ಪರಸ್ಪರ ಸೆಳೆತದಿಂದ ಅವುಗಳ ವೇಗ ಹೇಗೆ ಹಂಚಿಹೋಗುತ್ತದೆ ಎಂಬುದನ್ನು 1942ರ ತಮ್ಮ ಗ್ರಂಥದಲ್ಲಿಯೂ, ಭಾರವಾದ ಕಾಯವೊಂದು ಹಗುರ ನಕ್ಷತ್ರಗಳ ನಡುವೆ ಸಾಗುವಾಗ ವೇಗ ಕಳೆದುಕೊಳ್ಳುವ ಬಗೆಯನ್ನು 1943ರ ಲೇಖನಗಳಲ್ಲಿಯೂ ಅವರು ವಿವರಿಸಿದರು. ಇದರ ಫಲಿತಾರ್ಥವೆಂದರೆ, ಗುಚ್ಛದ ಭಾರವಾದ ಸದಸ್ಯರು ಕಾಲಕ್ರಮದಲ್ಲಿ ನಡುವಿಗೆ ಇಳಿದು ಕೂಡುತ್ತಾರೆ. ಗತಿಸಿದ ಭಾರಿ ನಕ್ಷತ್ರಗಳ ಅವಶೇಷಗಳು ಗುಚ್ಛದ ಅತ್ಯಂತ ಜನನಿಬಿಡ ಸ್ಥಳದಲ್ಲಿಯೇ ಸೇರುತ್ತವೆ ಎಂಬುದು ಇಲ್ಲಿ ಗಮನಾರ್ಹ.

2. ಹೊಸ ಕಣ್ಣು: 1962ರಿಂದ 1974

ಕ್ಷ-ಕಿರಣಗಳನ್ನು ಭೂಮಿಯ ವಾಯುಮಂಡಲ ತಡೆಯುತ್ತದೆ. ಆದ್ದರಿಂದ ಆಕಾಶದ ಈ ಮುಖವನ್ನು ಕಾಣಲು ಮನುಷ್ಯ ರಾಕೆಟ್ ಯುಗದವರೆಗೆ ಕಾಯಬೇಕಾಯಿತು. 1962ರ ಜೂನ್ 18ರಂದು ಅಮೆರಿಕೆಯ ನ್ಯೂ ಮೆಕ್ಸಿಕೊದಿಂದ ಹಾರಿದ ರಾಕೆಟ್ಟೊಂದರಲ್ಲಿ ರಿಕಾರ್ಡೊ ಜಿಯಾಕೋನಿ ಮತ್ತು ಸಂಗಡಿಗರು ಚಂದ್ರನಿಂದ ಬರಬಹುದಾದ ಕ್ಷ-ಕಿರಣಗಳನ್ನು ಹುಡುಕುವ ಉಪಕರಣ ಇರಿಸಿದ್ದರು. ಆ ಕೆಲವೇ ನಿಮಿಷಗಳಲ್ಲಿ ಸಿಕ್ಕಿದ್ದು ವೃಶ್ಚಿಕ ರಾಶಿಯ ದಿಕ್ಕಿನ ಪ್ರಬಲ ಆಕರ. ಸೌರವ್ಯೂಹದ ಹೊರಗಿನ ಮೊದಲ ಕ್ಷ-ಕಿರಣ ಆಕರವಾದ ಅದು ಮುಂದೆ ಸ್ಕಾರ್ಪಿಯಸ್ ಎಕ್ಸ್-1 ಎಂದು ಹೆಸರಾಯಿತು. ನ್ಯೂಟ್ರಾನ್ ನಕ್ಷತ್ರವೊಂದು ತನ್ನ ಜೊತೆಗಾರ ನಕ್ಷತ್ರದಿಂದ ಅನಿಲವನ್ನು ಸೆಳೆದುಕೊಳ್ಳುವಾಗ ಆ ಅನಿಲ ಕಾದು ಕ್ಷ-ಕಿರಣಗಳನ್ನು ಸೂಸುತ್ತದೆ ಎಂದು ಸೋವಿಯತ್ ವಿಜ್ಞಾನಿ ಯೋಸಿಫ್ ಶ್ಕ್ಲೋವ್‌ಸ್ಕಿ 1967ರಲ್ಲಿ ಸೂಚಿಸಿದರು.

ಈ ಸೂಚನೆಗೆ ಆಧಾರ ದೊರೆತದ್ದು ಕ್ಷ-ಕಿರಣ ವೀಕ್ಷಣೆಗೆಂದೇ ರೂಪಿಸಿದ ಮೊದಲ ಉಪಗ್ರಹದಿಂದ. 1970ರ ಡಿಸೆಂಬರ್ 12ರಂದು ಕೀನ್ಯಾದ ಕರಾವಳಿಯಾಚೆಯ ಸಮುದ್ರವೇದಿಕೆಯಿಂದ ಅದನ್ನು ಹಾರಿಸಲಾಯಿತು. ಅಂದು ಕೀನ್ಯಾದ ಸ್ವಾತಂತ್ರ್ಯ ದಿನವಾದ್ದರಿಂದ ಸ್ವಾಹಿಲಿ ಭಾಷೆಯಲ್ಲಿ ಸ್ವಾತಂತ್ರ್ಯವೆಂಬ ಅರ್ಥದ 'ಉಹುರು' ಎಂಬ ಹೆಸರು ಅದಕ್ಕೆ ಬಂತು. ಸೆಂಟಾರಸ್ ಎಕ್ಸ್-3 ಎಂಬ ಆಕರ ಪ್ರತಿ 4.8 ಸೆಕೆಂಡಿಗೊಮ್ಮೆ ಮಿಡಿಯುತ್ತದೆ, ಸುಮಾರು 2.1 ದಿನಗಳಿಗೊಮ್ಮೆ ಗ್ರಹಣಕ್ಕೊಳಗಾಗುತ್ತದೆ ಎಂಬುದನ್ನು ಉಹುರು 1971–72ರಲ್ಲಿ ತೋರಿಸಿಕೊಟ್ಟಿತು. ಮಿಡಿತ ನ್ಯೂಟ್ರಾನ್ ನಕ್ಷತ್ರದ ಗುರುತು. ಗ್ರಹಣ ಜೊತೆಗಾರನಿರುವುದರ ಗುರುತು. ಕ್ಷ-ಕಿರಣ ಯಮಳವೆಂಬ ಕಲ್ಪನೆ ಹೀಗೆ ನೆಲೆಗೊಂಡಿತು.

ಉಹುರು ಮತ್ತು ಓಎಸ್‌ಓ-7 ಉಪಗ್ರಹಗಳು ಗುರುತಿಸಿದ ಆಕರಗಳ ಸ್ಥಾನಗಳನ್ನು ನಕ್ಷತ್ರಪಟಗಳೊಂದಿಗೆ ಹೋಲಿಸಿದಾಗ ಐದು ಆಕರಗಳು ಗೋಳಗುಚ್ಛಗಳ ಮೇಲೆ ಬಿದ್ದವು. ಎನ್‌ಜಿಸಿ 1851, ಎನ್‌ಜಿಸಿ 6440, ಎನ್‌ಜಿಸಿ 6441, ಎನ್‌ಜಿಸಿ 6624 ಮತ್ತು ಎಂ 15 ಎಂಬುವೇ ಆ ಐದು ಗುಚ್ಛಗಳು. ಐದು ಎಂಬುದು ನೋಡಲು ಚಿಕ್ಕ ಸಂಖ್ಯೆ. ಆದರೆ ಇಡೀ ವಿವಾದ ಹುಟ್ಟಿದ್ದು ಇದರಿಂದಲೇ.

3. ಒಂದು ಎಣಿಕೆ: 1975

1975ರಲ್ಲಿ ಜೊನಾಥನ್ ಕಾಟ್ಸ್ ಮತ್ತು ಜಾರ್ಜ್ ಕ್ಲಾರ್ಕ್ ಪ್ರತ್ಯೇಕವಾಗಿ ಒಂದು ಸರಳ ಲೆಕ್ಕವನ್ನು ಮುಂದಿಟ್ಟರು. ಗೋಳಗುಚ್ಛಗಳಲ್ಲಿರುವ ನಕ್ಷತ್ರಗಳು ಆಕಾಶಗಂಗೆಯ ಒಟ್ಟು ನಕ್ಷತ್ರಸಂಪತ್ತಿನಲ್ಲಿ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಆದರೆ ಪ್ರಖರ ಕ್ಷ-ಕಿರಣ ಆಕರಗಳಲ್ಲಿ ಅವುಗಳ ಪಾಲು ಇದಕ್ಕೆ ಹೋಲಿಕೆಯೇ ಇಲ್ಲದಷ್ಟು ದೊಡ್ಡದು. ತೂಕಕ್ಕೆ ತೂಕ ಹೋಲಿಸಿದರೆ ಗೋಳಗುಚ್ಛಗಳು ಉಳಿದ ಆಕಾಶಗಂಗೆಗಿಂತ ನೂರು ಪಟ್ಟು ಅಥವಾ ಅದಕ್ಕೂ ಮಿಗಿಲಾಗಿ ಇಂಥ ಆಕರಗಳನ್ನು ಹೊಂದಿವೆ ಎಂದಾಯಿತು.

ಈ ಹೆಚ್ಚಳ ಎರಡು ಕಾರಣಗಳಿಂದ ಅನಿರೀಕ್ಷಿತವಾಗಿತ್ತು. ಭಾರಿ ನಕ್ಷತ್ರಗಳೆಲ್ಲ ಗತಿಸಿದ ವಸತಿಯಲ್ಲಿ ಹೊಸದಾಗಿ ನ್ಯೂಟ್ರಾನ್ ನಕ್ಷತ್ರದ ಜೋಡಿ ರೂಪುಗೊಳ್ಳಲು ಅವಕಾಶವಿರಲಿಲ್ಲ. ಹುಟ್ಟಿನಿಂದಲೇ ಜೋಡಿಯಾಗಿದ್ದವು ಉಳಿದುಬಂದಿವೆ ಎನ್ನೋಣವೆಂದರೆ, ನ್ಯೂಟ್ರಾನ್ ನಕ್ಷತ್ರವನ್ನು ಹುಟ್ಟಿಸುವ ಮಹಾಸ್ಫೋಟವೇ ಹಗುರ ಜೊತೆಗಾರನಿರುವ ಜೋಡಿಯನ್ನು ಸಾಮಾನ್ಯವಾಗಿ ಒಡೆದುಬಿಡುತ್ತದೆ. ಹೀಗಾಗಿ ಹುಟ್ಟಿನ ಸಂಬಂಧದಿಂದ ಈ ಸಂಖ್ಯೆಯನ್ನು ವಿವರಿಸಲಾಗದು. ಗುಚ್ಛದ ದಟ್ಟ ನಡುವಿನಲ್ಲಿ ಹಳೆಯ ಅವಶೇಷಗಳು ಹೊಸ ಜೊತೆಗಾರರನ್ನು ಸೆರೆಹಿಡಿದು ಜೋಡಿಯಾಗಿವೆ ಎಂದು ಕ್ಲಾರ್ಕ್ ಸೂಚಿಸಿದರು.

ಸೆರೆ ಹಿಡಿಯುವುದು ಹೇಗೆ? ಎರಡು ನಕ್ಷತ್ರಗಳು ಸಮೀಪ ಬಂದರೂ ಶಕ್ತಿ ಎಲ್ಲಿಯೂ ವ್ಯಯವಾಗದಿದ್ದರೆ ಅವು ಬಂದ ವೇಗದಲ್ಲಿಯೇ ಅಗಲಿ ಹೋಗುತ್ತವೆ. ಇದಕ್ಕೆ ಅಲ್ಪಾವಧಿಯಲ್ಲಿ ಮೂರು ಉತ್ತರಗಳು ಬಂದವು. ನ್ಯೂಟ್ರಾನ್ ನಕ್ಷತ್ರವು ಸಾಮಾನ್ಯ ನಕ್ಷತ್ರವೊಂದರ ಬಳಿ, ಅದರ ತ್ರಿಜ್ಯದ ಸುಮಾರು ಮೂರು ಪಟ್ಟು ದೂರದೊಳಗೆ ಹಾದುಹೋದರೆ, ಚಂದ್ರನ ಸೆಳೆತಕ್ಕೆ ಕಡಲು ಉಬ್ಬುವಂತೆ ಆ ನಕ್ಷತ್ರದ ಮೈ ಉಬ್ಬುತ್ತದೆ. ಉಬ್ಬರಕ್ಕೆ ತಗಲುವ ಶಕ್ತಿ ಚಲನೆಯಿಂದಲೇ ಕಳೆಯುವುದರಿಂದ ಎರಡೂ ಬಂಧಿತವಾಗುತ್ತವೆ ಎಂದು ಕೇಂಬ್ರಿಜ್‌ನ ಆಂಡ್ರೂ ಫೇಬಿಯನ್, ಜಿಮ್ ಪ್ರಿಂಗಲ್ ಮತ್ತು ಮಾರ್ಟಿನ್ ರೀಸ್ 1975ರಲ್ಲಿ ವಾದಿಸಿದರು. ಅದೇ ವರ್ಷ ಇಂಡೋನೇಷ್ಯಾದ ವಿನಾರ್ದಿ ಸುತಾಂತ್ಯೊ, ನ್ಯೂಟ್ರಾನ್ ನಕ್ಷತ್ರವು ಕೆಂಪುದೈತ್ಯ ನಕ್ಷತ್ರಕ್ಕೆ ನೇರವಾಗಿ ಢಿಕ್ಕಿ ಹೊಡೆಯುವ ಸಾಧ್ಯತೆಯನ್ನು ಎತ್ತಿ ತೋರಿಸಿದರು. 1976ರಲ್ಲಿ ಜ್ಯಾಕ್ ಹಿಲ್ಸ್ ವಿನಿಮಯದ ದಾರಿಯನ್ನು ಸೂಚಿಸಿದರು. ಮೊದಲೇ ಇದ್ದ ಹಗುರ ಜೋಡಿಯ ನಡುವೆ ಭಾರವಾದ ನ್ಯೂಟ್ರಾನ್ ನಕ್ಷತ್ರ ಬಂದಾಗ, ಇಬ್ಬರಲ್ಲಿ ಹಗುರಾದದ್ದು ಹೊರಬಿದ್ದು ಹೊಸಬ ಅದರ ಸ್ಥಾನವನ್ನು ಪಡೆಯುತ್ತಾನೆ ಎಂಬುದು ಅದರ ತಿರುಳು. ಮೂರಕ್ಕೂ ಸಮಾನವಾದ ಅಂಶವೊಂದೇ: ಜೋಡಿಯನ್ನು ಮಾಡುವುದು ದಟ್ಟಣೆ.

4. ಕಪ್ಪುಕುಳಿಯ ವಾದ ಮತ್ತು ಅದರ ಪರೀಕ್ಷೆ

ಆದರೆ ಆ ಕಾಲದಲ್ಲಿ ಹೆಚ್ಚು ಆಕರ್ಷಕವಾಗಿ ಕಂಡದ್ದು ಬೇರೊಂದು ಉತ್ತರ. ಗುಚ್ಛದ ನಡುವೆ ನೂರಾರು ಅಥವಾ ಸಾವಿರಾರು ಸೂರ್ಯರ ತೂಕದ ಕಪ್ಪುಕುಳಿಯೊಂದು ಕುಳಿತು ಸುತ್ತಲಿನ ಅನಿಲವನ್ನು ನುಂಗುತ್ತಿರಬಹುದು ಎಂದು ಜಾನ್ ಬಾಹ್‌ಕಾಲ್ ಮತ್ತು ಜೆರೆಮಯ್ಯ ಆಸ್ಟ್ರೈಕರ್, ಹಾಗೆಯೇ ಜೋಸೆಫ್ ಸಿಲ್ಕ್ ಮತ್ತು ಜೊನಾಥನ್ ಅರಾನ್ಸ್ 1975ರಲ್ಲಿ ಪ್ರತಿಪಾದಿಸಿದರು. ಎಂ 15ರ ನಡುವಿನಲ್ಲಿ ಬೆಳಕು ಚೂಪಾಗಿ ಏರುವುದನ್ನು ಇದಕ್ಕೆ ಸಾಕ್ಷಿಯೆಂದು 1976ರಲ್ಲಿ ಓದಲಾಯಿತು. ಮರುವರ್ಷವೇ ಗಾರ್ತ್ ಇಲಿಂಗ್‌ವರ್ತ್ ಮತ್ತು ಐವನ್ ಕಿಂಗ್, ನಡುವಿಗೆ ಇಳಿದ ನ್ಯೂಟ್ರಾನ್ ನಕ್ಷತ್ರಗಳ ಗುಂಪಿನಿಂದಲೂ ಅದೇ ಏರಿಕೆ ಸಾಧ್ಯವೆಂದು ತೋರಿಸಿದರು. ಒಂದೇ ಸಾಕ್ಷ್ಯ ಎರಡು ವಾದಗಳಿಗೂ ಒದಗುತ್ತಿತ್ತು.

ನಿರ್ಣಾಯಕ ಸುಳಿವು ಬಂದದ್ದು ಅನಿರೀಕ್ಷಿತ ದಿಕ್ಕಿನಿಂದ. 1975ರ ಸೆಪ್ಟೆಂಬರಿನಲ್ಲಿ ಡಚ್ ಉಪಗ್ರಹ ಎಎನ್‌ಎಸ್ ದಾಖಲಿಸಿದ ಮಾಹಿತಿಯಲ್ಲಿ, ಎನ್‌ಜಿಸಿ 6624ರ ಆಕರ ಒಂದು ಸೆಕೆಂಡಿನೊಳಗೆ ಭುಗಿಲೆದ್ದು ಹತ್ತಾರು ಸೆಕೆಂಡುಗಳಲ್ಲಿ ಆರಿಹೋಗುವುದನ್ನು ಜೊನಾಥನ್ ಗ್ರಿಂಡ್ಲೆ ಮತ್ತು ಜಾನ್ ಹೈಸೆ ಗುರುತಿಸಿದರು. ಕ್ಷ-ಕಿರಣ ಸ್ಫೋಟಗಳೆಂದು ಇವು ಪ್ರಸಿದ್ಧವಾದವು. ಭಾರಿ ಕಪ್ಪುಕುಳಿಯ ಸುತ್ತಲಿನ ಬಿಸಿ ಅನಿಲದಲ್ಲಿ ಕ್ಷ-ಕಿರಣಗಳು ಚದುರುವುದರಿಂದ ಸ್ಫೋಟಕ್ಕೆ ಈ ರೂಪ ಬರುತ್ತದೆ ಎಂದು ಗ್ರಿಂಡ್ಲೆ ಮತ್ತು ಹರ್ಬರ್ಟ್ ಗರ್ಸ್ಕಿ 1976ರಲ್ಲಿ ವಿವರಿಸಿದರು. ಅದೇ ಕಾಲದಲ್ಲಿ ಸ್ಟ್ಯಾನ್ ವೂಸ್ಲಿ ಮತ್ತು ರೊನಾಲ್ಡ್ ಟಾಮ್, ಲಾರಾ ಮರಾಸ್ಕಿ ಮತ್ತು ಆಲ್ಫೋನ್ಸೊ ಕವಲಿಯೇರೆ ಬೇರೊಂದು ವಿವರಣೆ ನೀಡಿದರು. ಜೊತೆಗಾರನಿಂದ ಬಂದ ಜಲಜನಕ ಮತ್ತು ಹೀಲಿಯಂ ನ್ಯೂಟ್ರಾನ್ ನಕ್ಷತ್ರದ ಮೈಮೇಲೆ ಪದರವಾಗಿ ಶೇಖರವಾಗುತ್ತದೆ; ಪದರ ಸಾಕಷ್ಟು ದಪ್ಪವಾದಾಗ ಪರಮಾಣು ದಹನ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಕಪ್ಪುಕುಳಿಗೆ ಮೇಲ್ಮೈಯೇ ಇಲ್ಲದಿರುವುದರಿಂದ ಅಲ್ಲಿ ಇಂಥ ಶೇಖರಣೆ ಅಸಾಧ್ಯ. ಸ್ಫೋಟದ ಕಾವನ್ನೂ ಪ್ರಖರತೆಯನ್ನೂ ಕೂಡಿಸಿ ಲೆಕ್ಕ ಹಾಕಿದಾಗ ಬೆಳಗುವ ಕಾಯದ ತ್ರಿಜ್ಯ ಸುಮಾರು 10 ಕಿಲೋಮೀಟರ್ ಎಂದು ಬಂತು. ಅದು ನ್ಯೂಟ್ರಾನ್ ನಕ್ಷತ್ರದ ಅಳತೆ.

ಕೊನೆಯ ಪರೀಕ್ಷೆ ತೂಕದ್ದು. ಭಾರವಾದ ಕಾಯ ಗುಚ್ಛದ ನಟ್ಟನಡುವೆ ಅಲುಗದೆ ಕೂರಬೇಕು; ಹಗುರಾದದ್ದು ನಡುವಿನಿಂದ ಆಚೀಚೆ ಸುಳಿಯಬೇಕು. 1978ರ ನವೆಂಬರಿನಲ್ಲಿ ಹಾರಿದ ಐನ್‌ಸ್ಟೈನ್ ವೀಕ್ಷಣಾಲಯದಿಂದ ಎಂಟು ಗುಚ್ಛಗಳ ಆಕರಗಳ ಸ್ಥಾನವನ್ನು ಕರಾರುವಾಕ್ಕಾಗಿ ಅಳೆದು, ಆಕರಗಳ ತೂಕ ಸರಾಸರಿ ಒಂದೂವರೆ ಸೂರ್ಯನಷ್ಟು ಎಂಬ ಫಲಿತಾಂಶವನ್ನು 1984ರಲ್ಲಿ ಪ್ರಕಟಿಸಲಾಯಿತು. ನ್ಯೂಟ್ರಾನ್ ನಕ್ಷತ್ರ ಮತ್ತು ಹಗುರ ಜೊತೆಗಾರ ಕೂಡಿದರೆ ಆಗುವ ತೂಕ ಅಷ್ಟೇ. ಈ ಅಳತೆಯ ತಂಡವನ್ನು ಮುನ್ನಡೆಸಿದವರು ಜೊನಾಥನ್ ಗ್ರಿಂಡ್ಲೆ. ಎಂಟು ವರ್ಷಗಳ ಹಿಂದೆ ಭಾರಿ ಕಪ್ಪುಕುಳಿಯ ಪರವಾಗಿ ಬರೆದವರೇ ಅದರ ವಿರುದ್ಧದ ಪ್ರಬಲ ಪುರಾವೆಯನ್ನು ತಂದರು ಎಂಬ ಸಂಗತಿಯನ್ನು ಈ ಚರಿತ್ರೆಯಲ್ಲಿ ವಿಶೇಷವಾಗಿ ದಾಖಲಿಸಬೇಕಾಗಿದೆ.

5. ಎರಡು ಗುಚ್ಛಗಳ ನಿದರ್ಶನ

ಸಾಮಾನ್ಯ ಸಿದ್ಧಾಂತ ಗಟ್ಟಿಯಾಗುತ್ತಿದ್ದ ಹಂತದಲ್ಲಿ ಬಿಡಿ ಆಕರಗಳು ತಮ್ಮದೇ ವಿಶೇಷಗಳನ್ನು ಹೊರಗೆಡಹಿದವು. ಸ್ಫೋಟದಿಂದ ಹೆಸರಾದ ಎನ್‌ಜಿಸಿ 6624ರ ಆಕರ ಪ್ರತಿ 685 ಸೆಕೆಂಡಿಗೊಮ್ಮೆ ಒಂದು ಸುತ್ತು ಮುಗಿಸುತ್ತದೆ ಎಂದು ಯುರೋಪಿನ ಎಕ್ಸೊಸ್ಯಾಟ್ ಉಪಗ್ರಹದ ನೆರವಿನಿಂದ 1987ರಲ್ಲಿ ತಿಳಿಯಿತು. ಹನ್ನೆರಡು ನಿಮಿಷವೂ ಇಲ್ಲದ ಈ ಅವಧಿಗೆ ಎರಡು ಕಾಯಗಳ ನಡುವಿನ ಅಂತರ ಭೂಮಿ-ಚಂದ್ರರ ನಡುವಿನ ದೂರದ ಮೂರನೆಯ ಒಂದು ಪಾಲಿನಷ್ಟು ಮಾತ್ರ ಇರಬೇಕಾಗುತ್ತದೆ. ಸಾಮಾನ್ಯ ನಕ್ಷತ್ರ ಅಷ್ಟು ಜಾಗದಲ್ಲಿ ಹಿಡಿಯದು. ಜೊತೆಗಾರ ಹೀಲಿಯಂನ ಶ್ವೇತಕುಬ್ಜವೇ ಆಗಿರಬೇಕು. ಕೆಂಪುದೈತ್ಯದ ಒಡಲಿಗೆ ನ್ಯೂಟ್ರಾನ್ ನಕ್ಷತ್ರ ನುಗ್ಗಿ, ಹೊರಮೈಯ ಅನಿಲ ಚದುರಿ, ಒಳತಿರುಳು ಮಾತ್ರ ಉಳಿದರೆ ಇಂಥ ಜೋಡಿ ಒದಗುತ್ತದೆ. ಸುತಾಂತ್ಯೊ ಹನ್ನೆರಡು ವರ್ಷಗಳ ಹಿಂದೆ ಹೇಳಿದ ಢಿಕ್ಕಿಯ ದಾರಿಗೆ ಹೀಗೆ ಹೊಸ ಬೆಲೆ ಬಂತು.

ಎಂ 15ರ ಕಥೆ ಇನ್ನೊಂದು ಬಗೆಯದು. ಅಲ್ಲಿನ ಆಕರದ ಗ್ರಹಣಗಳನ್ನು ನೋಡಿದವರು, ನ್ಯೂಟ್ರಾನ್ ನಕ್ಷತ್ರವು ಸುತ್ತಲಿನ ಅನಿಲದ ತಟ್ಟೆಯ ಹಿಂದೆ ಮರೆಯಾಗಿದೆ, ನೇರವಾಗಿ ಕಾಣದು ಎಂದು ತೀರ್ಮಾನಿಸಿದ್ದರು. ಆದರೆ 1988ರಲ್ಲಿ ಜಪಾನಿನ ಗಿಂಗಾ ಉಪಗ್ರಹಕ್ಕೆ ಅದೇ ಗುಚ್ಛದಿಂದ ಸ್ಫೋಟವೊಂದು ನೇರವಾಗಿ ಕಂಡಿತು. ಮರೆಯಾಗಿರುವ ಮೈ ಬೆಳಗುವುದೆಂತು? 2001ರಲ್ಲಿ ನಿಕೊಲಸ್ ವೈಟ್ ಮತ್ತು ಲೊರೆಲ್ಲಾ ಆಂಜೆಲಿನಿ ಚಂದ್ರ ವೀಕ್ಷಣಾಲಯದ ಸೂಕ್ಷ್ಮ ಚಿತ್ರದಲ್ಲಿ ಇದನ್ನು ಬಿಡಿಸಿದರು. ಅಲ್ಲಿದ್ದದ್ದು ಒಂದಲ್ಲ, ಬಹು ಸಮೀಪದ ಎರಡು ಆಕರಗಳು. ಒಂದೇ ಹೆಸರಿನಡಿ ದಾಖಲಾದ ಎರಡು ಪಾಠಗಳನ್ನು ಬೇರ್ಪಡಿಸಿದೊಡನೆ ವಿರೋಧ ಕಳಚಿಹೋಗುವುದನ್ನು ಜಾನಪದ ಸಂಪಾದಕರು ಬಲ್ಲರು. ಇಲ್ಲಿಯೂ ಆದದ್ದು ಅದೇ.

6. ಬೆಂಗಳೂರಿನ ಪ್ರಸ್ತಾವ

ಕ್ಷ-ಕಿರಣ ಯಮಳಗಳ ಮುಂದಿನ ಗತಿ ಏನು ಎಂಬ ಪ್ರಶ್ನೆಗೆ ಉತ್ತರ ರೇಡಿಯೊ ಖಗೋಳ ವಿಜ್ಞಾನದಿಂದ ಬಂತು. 1982ರಲ್ಲಿ ಡೊನಾಲ್ಡ್ ಬ್ಯಾಕರ್ ಮತ್ತು ಸಂಗಡಿಗರು ಸೆಕೆಂಡಿಗೆ 642 ಬಾರಿ ತಿರುಗುವ ಪಲ್ಸಾರನ್ನು ಕಂಡುಹಿಡಿದರು. ಆ ತಂಡದಲ್ಲಿ ಹುಬ್ಬಳ್ಳಿಯಲ್ಲಿ ಬೆಳೆದ ಶ್ರೀನಿವಾಸ ಕುಲಕರ್ಣಿಯವರೂ ಇದ್ದರು. ವೇಗವಾಗಿ ತಿರುಗುವ ಪಲ್ಸಾರ್ ಎಳೆಯದಾಗಿರಬೇಕು, ಅದರ ಕಾಂತಕ್ಷೇತ್ರ ಪ್ರಬಲವಾಗಿರಬೇಕು ಎಂಬುದು ಅಂದಿನ ತಿಳಿವಳಿಕೆ. ಈ ಪಲ್ಸಾರಿನ ಕಾಂತಕ್ಷೇತ್ರ ಮಾತ್ರ ತೀರ ದುರ್ಬಲವಾಗಿತ್ತು. ಎಳೆತನದ ಗುರುತೂ ಇರಲಿಲ್ಲ.

ಇದಕ್ಕೆ 1982ರಲ್ಲಿಯೇ ಎರಡು ತಂಡಗಳು ಒಂದೇ ಉತ್ತರವನ್ನು ಸ್ವತಂತ್ರವಾಗಿ ನೀಡಿದವು. ಒಂದು ತಂಡ ಅಲಿ ಅಲ್ಪಾರ್ ಮತ್ತು ಸಂಗಡಿಗರದು. ಇನ್ನೊಂದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿ. ರಾಧಾಕೃಷ್ಣನ್ ಮತ್ತು ಜಿ. ಶ್ರೀನಿವಾಸನ್ ಅವರದು, ಅವರ ಲೇಖನ ಪ್ರಕಟವಾದದ್ದು ಬೆಂಗಳೂರಿನಿಂದಲೇ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ. ಪಲ್ಸಾರ್ ಎಳೆಯದಲ್ಲ, ಮುದಿಯದು. ಜೊತೆಗಾರನಿಂದ ಸುಳಿಸುತ್ತುತ್ತ ಬಂದು ಬೀಳುವ ಅನಿಲ ಅದನ್ನು ಮತ್ತೆ ವೇಗವಾಗಿ ತಿರುಗಿಸಿದೆ ಎಂಬುದು ಅವರ ಪ್ರಸ್ತಾವ. ಹಾಗಿದ್ದರೆ ಹಗುರ ಜೊತೆಗಾರನಿರುವ ಕ್ಷ-ಕಿರಣ ಯಮಳಗಳೇ ಈ ಪಲ್ಸಾರುಗಳು ತಯಾರಾಗುವ ಕುಲುಮೆಗಳು. ಅಂಥ ಯಮಳಗಳು ವಿಶೇಷವಾಗಿ ಕಂಡುಬರುವ ಗೋಳಗುಚ್ಛಗಳಲ್ಲಿ ಈ ಬಗೆಯ ಪಲ್ಸಾರುಗಳೂ ಹೇರಳವಾಗಿರಬೇಕಾಗುತ್ತದೆ. ವಾದವನ್ನು ಪರೀಕ್ಷಿಸಲು ಇದು ಸ್ಪಷ್ಟವಾದ ಮಾರ್ಗ.

1987ರಲ್ಲಿ ಆಂಡ್ರೂ ಲೈನ್ ನೇತೃತ್ವದ ತಂಡ ಧನು ರಾಶಿಯ ಎಂ 28 ಗೋಳಗುಚ್ಛದಲ್ಲಿ 3.05 ಮಿಲಿಸೆಕೆಂಡಿಗೊಮ್ಮೆ ಮಿಡಿಯುವ ಪಲ್ಸಾರನ್ನು ಪತ್ತೆಹಚ್ಚಿತು. ಗೋಳಗುಚ್ಛವೊಂದರಲ್ಲಿ ಸಿಕ್ಕ ಮೊದಲ ಪಲ್ಸಾರ್ ಇದು. ಈ ತಂಡದಲ್ಲಿಯೂ ಕುಲಕರ್ಣಿಯವರಿದ್ದರು. ಅಲ್ಲಿಂದ ಮುಂದೆ ಗುಚ್ಛಗಳಲ್ಲಿ ದೊರೆತ ಪಲ್ಸಾರುಗಳ ಸಂಖ್ಯೆ 300ನ್ನು ದಾಟಿದೆ. ಅವುಗಳಲ್ಲಿ ಬಹುಪಾಲು ಮಿಲಿಸೆಕೆಂಡ್ ಪಲ್ಸಾರುಗಳು. 2006ರಲ್ಲಿ ವರದಿಯಾದ, ಟೆರ್ಜಾನ್ 5 ಗುಚ್ಛದ ಪಲ್ಸಾರೊಂದು ಸೆಕೆಂಡಿಗೆ 716 ಬಾರಿ ತಿರುಗುತ್ತದೆ.

ಭಾರತದ ಇನ್ನೊಂದು ಕೊಡುಗೆಯನ್ನೂ ಇಲ್ಲಿ ನೆನೆಯಬೇಕು. 1975ರ ಎಣಿಕೆಯ ಐದು ಗುಚ್ಛಗಳಲ್ಲೊಂದಾದ ಎನ್‌ಜಿಸಿ 1851ರಲ್ಲಿ, ಪುಣೆಯ ಉತ್ತರಕ್ಕಿರುವ ಬೃಹತ್ ಮೀಟರ್‌ತರಂಗ ರೇಡಿಯೊ ದೂರದರ್ಶಕ 4.99 ಮಿಲಿಸೆಕೆಂಡಿನ ಪಲ್ಸಾರೊಂದನ್ನು ಪತ್ತೆಮಾಡಿತು. ಪಾಲೊ ಫ್ರೈರೆ, ಯಶವಂತ ಗುಪ್ತಾ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಈ ಶೋಧದ ವಿಶೇಷವಿರುವುದು ಪಲ್ಸಾರಿನ ಕಕ್ಷೆಯಲ್ಲಿ. ಅನಿಲ ಸೆಳೆದು ವೇಗ ಪಡೆದ ಪಲ್ಸಾರಿನ ಕಕ್ಷೆ ದುಂಡಾಗಿರಬೇಕು. ಇದರದು ಅತಿ ಉದ್ದನೆಯ ದೀರ್ಘವೃತ್ತ. ವೇಗ ಕೊಟ್ಟ ಹಗುರ ಜೊತೆಗಾರನನ್ನು ಹೊರದೂಡಿ ಭಾರವಾದ ಇನ್ನೊಂದು ಕಾಯ ಸ್ಥಾನ ಹಿಡಿದಿದೆ ಎಂಬುದೇ ಇದಕ್ಕೆ ಸಹಜ ವಿವರಣೆ. ಹಿಲ್ಸ್ ಹೇಳಿದ ವಿನಿಮಯದ ಗುರುತು ಹೀಗೆ ಕಕ್ಷೆಯಲ್ಲಿಯೇ ಉಳಿದಿತ್ತು.

ಆದರೂ ಕ್ಷ-ಕಿರಣ ಯಮಳವೇ ಪಲ್ಸಾರ್ ಆಗುತ್ತದೆ ಎಂಬುದನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ. 1998ರಲ್ಲಿ ರೂಡಿ ವೈನಾಂಡ್ಸ್ ಮತ್ತು ಮಿಖಿಯೆಲ್ ವಾನ್ ಡರ್ ಕ್ಲಿಸ್, ಗುಚ್ಛದ ಹೊರಗಿನ ಯಮಳವೊಂದರ ಕ್ಷ-ಕಿರಣಗಳಲ್ಲಿ ಸೆಕೆಂಡಿಗೆ 401 ಮಿಡಿತಗಳನ್ನು ಗುರುತಿಸಿದಾಗ ಅರ್ಧ ದಾರಿ ಸವೆಯಿತು. ಉಳಿದರ್ಧ ಸವೆದದ್ದು 2013ರಲ್ಲಿ, ಅದೇ ಎಂ 28 ಗುಚ್ಛದಲ್ಲಿ. ಆ ವರ್ಷದ ಮಾರ್ಚಿಯಲ್ಲಿ ಅಲ್ಲಿ ಹೊಸದಾಗಿ ಭುಗಿಲೆದ್ದ ಕ್ಷ-ಕಿರಣ ಆಕರ 3.9 ಮಿಲಿಸೆಕೆಂಡಿಗೊಮ್ಮೆ ಮಿಡಿಯುತ್ತಿತ್ತು. ಅಲೆಸ್ಸಾಂಡ್ರೊ ಪಪಿಟ್ಟೊ ಮತ್ತು ಸಂಗಡಿಗರು ಹಳೆಯ ಪಟ್ಟಿಗಳನ್ನು ತೆಗೆದು ನೋಡಿದಾಗ, ಅದೇ ಅವಧಿಯ, ಅದೇ ಕಕ್ಷೆಯ ರೇಡಿಯೊ ಪಲ್ಸಾರ್ ಆ ಗುಚ್ಛದಲ್ಲಿ ಮೊದಲೇ ದಾಖಲಾಗಿತ್ತು. ಭುಗಿಲು ಅಡಗಿದ ಕೆಲವೇ ವಾರಗಳಲ್ಲಿ ರೇಡಿಯೊ ಮಿಡಿತ ಮರಳಿತು. ಒಂದೇ ಕಾಯ ಅನಿಲ ಬೀಳುವಾಗ ಕ್ಷ-ಕಿರಣ ಯಮಳವಾಗಿ, ಅನಿಲ ನಿಂತಾಗ ರೇಡಿಯೊ ಪಲ್ಸಾರಾಗಿ ವರ್ತಿಸುತ್ತಿತ್ತು. 1982ರ ಪ್ರಸ್ತಾವಕ್ಕೆ ಮೂವತ್ತೊಂದು ವರ್ಷಗಳ ನಂತರ ದೊರೆತ ನೇರ ಸಾಕ್ಷ್ಯವಿದು.

7. ಎಣಿಕೆಯ ಮರುಪರೀಕ್ಷೆ

1975ರ ವಾದ ನಿಂತದ್ದು ಐದು ಆಕರಗಳ ಮೇಲೆ. ಅಷ್ಟು ಚಿಕ್ಕ ಎಣಿಕೆಯಿಂದ ದಟ್ಟಣೆಯ ಪಾತ್ರವನ್ನು ಪೂರ್ಣವಾಗಿ ಸ್ಥಾಪಿಸಲು ಬಾರದು. 1999ರ ಜುಲೈ 23ರಂದು ಹಾರಿದ, ಚಂದ್ರಶೇಖರ್ ಅವರ ಹೆಸರನ್ನು ಹೊತ್ತ ಚಂದ್ರ ವೀಕ್ಷಣಾಲಯ ಈ ಕೊರತೆಯನ್ನು ನೀಗಿಸಿತು. 47 ಟುಕಾನೆ ಗುಚ್ಛವೊಂದರಲ್ಲಿಯೇ ನೂರಕ್ಕೂ ಹೆಚ್ಚು ಮಂದ ಆಕರಗಳನ್ನು ಗ್ರಿಂಡ್ಲೆ ಮತ್ತು ಸಂಗಡಿಗರು 2001ರಲ್ಲಿ ಗುರುತಿಸಿದರು. ಅವುಗಳಲ್ಲಿ ನ್ಯೂಟ್ರಾನ್ ನಕ್ಷತ್ರದ ಯಮಳಗಳಲ್ಲದೆ ಶ್ವೇತಕುಬ್ಜಗಳ ಜೋಡಿಗಳು ಮತ್ತು ಮಿಲಿಸೆಕೆಂಡ್ ಪಲ್ಸಾರುಗಳೂ ಸೇರಿದ್ದವು. 2003ರಲ್ಲಿ ಡೇವಿಡ್ ಪೂಲಿ ಮತ್ತು ಸಂಗಡಿಗರು ಹಲವು ಗುಚ್ಛಗಳನ್ನು ಹೋಲಿಸಿದರು. ಆಕರಗಳ ಸಂಖ್ಯೆ ಗುಚ್ಛದ ಗಾತ್ರಕ್ಕಿಂತ ಹೆಚ್ಚಾಗಿ ಅಲ್ಲಿ ನಕ್ಷತ್ರಗಳು ಪರಸ್ಪರ ಸಂಧಿಸುವ ದರವನ್ನು ಅನುಸರಿಸುತ್ತದೆ ಎಂದು ಅವರಿಗೆ ಕಂಡುಬಂತು. ಜೋಡಿಗಳು ಭೇಟಿಯ ಫಲ ಎಂಬ ವಾದಕ್ಕೆ ಇದಕ್ಕಿಂತ ನೇರವಾದ ಬೆಂಬಲ ಕಷ್ಟ.

ಜೋಡಿಗಳು ದಟ್ಟಣೆಯ ಫಲ ಮಾತ್ರವಲ್ಲ. ದಟ್ಟಣೆಯನ್ನು ಹತೋಟಿಯಲ್ಲಿಡುವುದೂ ಅವೇ. ಗುಚ್ಛದ ನಡುಭಾಗ ತನ್ನ ಗುರುತ್ವದಿಂದಲೇ ಕುಸಿಯುತ್ತ ಹೋಗಬೇಕೆಂದು ಸಿದ್ಧಾಂತ ಹೇಳುತ್ತದೆ. ಬಿಗಿಯಾದ ಜೋಡಿಯ ಬಳಿ ಮೂರನೆಯ ನಕ್ಷತ್ರ ಬಂದಾಗ ಜೋಡಿ ಇನ್ನಷ್ಟು ಬಿಗಿಯಾಗಿ, ಬಂದ ನಕ್ಷತ್ರಕ್ಕೆ ವೇಗ ಕೊಟ್ಟು ಕಳಿಸುತ್ತದೆ ಎಂಬ ನಿಯಮವನ್ನು ಡಗ್ಲಸ್ ಹೆಗ್ಗಿ 1975ರಲ್ಲಿ ನಿರೂಪಿಸಿದರು. ಹೀಗೆ ಹಂಚಿಹೋಗುವ ವೇಗವೇ ಕುಸಿತವನ್ನು ತಡೆಯುತ್ತದೆ.

ಎಲ್ಲವೂ ಇತ್ಯರ್ಥವಾಗಿದೆ ಎಂದಲ್ಲ. ಗುಚ್ಛಗಳಲ್ಲಿನ ಪಲ್ಸಾರುಗಳ ಸಂಖ್ಯೆ, ಅವುಗಳ ಮಾತೃಸ್ಥಾನದಲ್ಲಿರುವ ಯಮಳಗಳ ಸಂಖ್ಯೆಗೆ ಹೊಂದುವುದಿಲ್ಲ ಎಂಬ ಆಕ್ಷೇಪವನ್ನು ಕುಲಕರ್ಣಿ, ರಮೇಶ್ ನಾರಾಯಣ್ ಮತ್ತು ರೊಮಾನಿ 1990ರಲ್ಲಿ ಎತ್ತಿದರು. ಇದೂ ಎಣಿಕೆಯಿಂದಲೇ ಹುಟ್ಟಿದ ಆಕ್ಷೇಪ ಎಂಬುದು ಗಮನಾರ್ಹ. ನ್ಯೂಟ್ರಾನ್ ನಕ್ಷತ್ರಗಳು ಹುಟ್ಟುವಾಗ ಪಡೆಯುವ ವೇಗ ಸೆಕೆಂಡಿಗೆ ನೂರಾರು ಕಿಲೋಮೀಟರ್ ಇರುವುದುಂಟು. ಗುಚ್ಛದಿಂದ ಹೊರಬೀಳಲು ಹತ್ತಾರು ಕಿಲೋಮೀಟರ್ ವೇಗ ಸಾಕು. ಅಷ್ಟೊಂದು ನ್ಯೂಟ್ರಾನ್ ನಕ್ಷತ್ರಗಳು ಗುಚ್ಛದೊಳಗೆ ಉಳಿದದ್ದು ಹೇಗೆ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಕಪ್ಪುಕುಳಿಯ ವಾದವೂ ಬೇರೆ ರೂಪದಲ್ಲಿ ಮರಳಿದೆ. ಎನ್‌ಜಿಸಿ 4472 ಗೆಲಾಕ್ಸಿಯ ಗೋಳಗುಚ್ಛವೊಂದರಲ್ಲಿ ಕಪ್ಪುಕುಳಿಯ ಕ್ಷ-ಕಿರಣ ಆಕರ 2007ರಲ್ಲಿ ವರದಿಯಾಯಿತು. ನಮ್ಮದೇ ಆಕಾಶಗಂಗೆಯ ಎನ್‌ಜಿಸಿ 3201ರಲ್ಲಿ ನಾಲ್ಕು ಸೂರ್ಯರಿಗಿಂತ ಭಾರವಾದ ಕಪ್ಪುಕುಳಿಯೊಂದು ಜೊತೆಗಾರ ನಕ್ಷತ್ರದ ಚಲನೆಯಿಂದ 2018ರಲ್ಲಿ ಗೊತ್ತಾಯಿತು. ಒಮೆಗಾ ಸೆಂಟಾರಿಯ ನಡುವೆ ಅತಿವೇಗದ ನಕ್ಷತ್ರಗಳನ್ನು ಕಂಡು, ಅಲ್ಲಿ ಕನಿಷ್ಠ 8,200 ಸೂರ್ಯರ ತೂಕದ ಕಪ್ಪುಕುಳಿಯಿದೆ ಎಂದು 2024ರಲ್ಲಿ ವಾದಿಸಲಾಗಿದೆ. ಆದರೆ 1975ರ ಐದು ಆಕರಗಳನ್ನು ಬೆಳಗಿಸಿದ್ದು ಅಂಥ ಭಾರಿ ಕಪ್ಪುಕುಳಿಯಲ್ಲ ಎಂಬ ತೀರ್ಮಾನವನ್ನು ಇವು ಯಾವುವೂ ಬದಲಿಸಿಲ್ಲ.

8. ಸಮಾರೋಪ

ಈ ಅರ್ಧ ಶತಮಾನದ ಚರಿತ್ರೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ನಕ್ಷತ್ರದ ಬಾಳು ಹುಟ್ಟಿನ ತೂಕದಿಂದಲೇ ನಿರ್ಧಾರವಾಗುತ್ತದೆ ಎಂಬ ತಿಳಿವಳಿಕೆ ಒಂಟಿ ನಕ್ಷತ್ರಗಳ ಮಟ್ಟಿಗೆ ಸರಿ. ದಟ್ಟವಾದ ಗುಚ್ಛದಲ್ಲಿ ಅದು ಸಾಲದು. ಅಲ್ಲಿ ಗತಿಸಿದ ನಕ್ಷತ್ರವೂ ಜೊತೆಗಾರನನ್ನು ಪಡೆಯುತ್ತದೆ, ಮತ್ತೆ ಬೆಳಗುತ್ತದೆ, ಜೊತೆಯನ್ನು ಬದಲಿಸುತ್ತದೆ. ಬಿಡಿ ನಕ್ಷತ್ರದ ಅಧ್ಯಯನದಿಂದ ಇದು ತಿಳಿಯುವಂತಿರಲಿಲ್ಲ. ಸಮುದಾಯವನ್ನು ಎಣಿಸಿದಾಗಲೇ ತಿಳಿಯಿತು.

ಎರಡನೆಯದಾಗಿ, ಈ ಅರಿವು ಒಂದು ದೇಶದ ಅಥವಾ ಒಂದು ಉಪಕರಣದ ಗಳಿಕೆಯಲ್ಲ. ಕೀನ್ಯಾದ ಕಡಲಿನಿಂದ ಹಾರಿದ ಉಪಗ್ರಹ, ಡಚ್ ಮತ್ತು ಜಪಾನಿ ಉಪಗ್ರಹಗಳು, ಇಂಡೋನೇಷ್ಯಾದ ವಿದ್ವಾಂಸರೊಬ್ಬರ ಲೇಖನ, ಬೆಂಗಳೂರಿನ ಪತ್ರಿಕೆಯಲ್ಲಿ ಬಂದ ಪ್ರಸ್ತಾವ, ಪುಣೆಯ ಬಳಿಯ ದೂರದರ್ಶಕ ಇವೆಲ್ಲ ಕೂಡಿ ಅದನ್ನು ಕಟ್ಟಿವೆ. ಕನ್ನಡದಲ್ಲಿ ವಿಜ್ಞಾನದ ಚರಿತ್ರೆಯನ್ನು ಬರೆಯುವಾಗ ಬೆಂಗಳೂರಿನ ಪಾಲನ್ನು ಅಭಿಮಾನದ ಮಾತಾಗಿ ಹೇಳಿ ಮುಗಿಸದೆ, ಅದು ಯಾವ ಪ್ರಶ್ನೆಗೆ ಉತ್ತರವಾಗಿ ಬಂತು, ಯಾವ ಪರೀಕ್ಷೆಗೆ ಒಳಗಾಯಿತು, ಎಂ 28ರಲ್ಲಿ ಹೇಗೆ ದೃಢಪಟ್ಟಿತು ಎಂಬ ವಿವರಗಳೊಂದಿಗೆ ದಾಖಲಿಸುವುದು ಅಗತ್ಯ. ಬಿದ್ದುಹೋದ ವಾದಗಳನ್ನೂ ಅಷ್ಟೇ ನಿಷ್ಠೆಯಿಂದ ದಾಖಲಿಸಬೇಕು. ಭಾರಿ ಕಪ್ಪುಕುಳಿಯ ವಾದ ಎದುರಿಗೆ ಇಲ್ಲದಿದ್ದರೆ ಆಕರಗಳ ತೂಕವನ್ನು ಅಷ್ಟು ಶ್ರಮವಹಿಸಿ ಅಳೆಯುವ ಅಗತ್ಯವೇ ಬೀಳುತ್ತಿರಲಿಲ್ಲ.